ಏಳನೇ ಗುಂಡಿಯ ಎಡೆ

ನಮ್ಮ ಭೀಮರಾಜನಿಗೆ ಗಾಲ್ಫ್ ಆಟ ಅಂಟಿಕೊಂಡದ್ದು ಅರ್ಧ ವೈದ್ಯರ ಮಾತಿನಿಂದ, ಅರ್ಧ ಕೋಲಾರದ ಜನರ ಒಳ್ಳೆಯತನದಿಂದ. ಅವನು ನನ್ನ ಒಡಹುಟ್ಟಿದ ತಮ್ಮ. ಟೊಮೆಟೊ ಮಾರುಕಟ್ಟೆಯಲ್ಲಿ ಮಂಡಿ ಇಟ್ಟುಕೊಂಡಿದ್ದ. ಬೆಳಗಿನ ಹೊತ್ತು ಹರಾಜು ಕೂಗುವುದು, ಉಳಿದ ಹೊತ್ತು ಗಾದಿಯ ಮೇಲೆ ಕೂರುವುದು, ಇದರಿಂದ ಗಂಟಲೂ ಹೊಟ್ಟೆಯೂ ಸಮನಾಗಿ ಬೆಳೆದಿದ್ದವು. ಸಕ್ಕರೆ ಕಾಯಿಲೆ ಬಂತು. ದಿನವೂ ನಡೆಯಬೇಕೆಂದು ವೈದ್ಯರು ಹೇಳಿದರು. ನಡೆಯಲು ಹೊರಟ.

ಆದರೆ ನಮ್ಮೂರಿನಲ್ಲಿ ಗುರುತಿನ ಮನುಷ್ಯ ಸುಮ್ಮನೆ ನಡೆಯುವುದು ಆಗದ ಮಾತು. ಮೊದಲನೆಯ ತಿರುವಿನಲ್ಲೇ ಒಬ್ಬ ಬೈಕು ನಿಲ್ಲಿಸಿ, ಎಲ್ಲಿಗಣ್ಣ, ಹತ್ತು ಎಂದ. ಎಲ್ಲಿಗೂ ಇಲ್ಲವೆಂದರೆ ನಂಬಲಿಲ್ಲ. ಬಲವಂತದಿಂದ ಕೂರಿಸಿಕೊಂಡು ಬಸ್ ನಿಲ್ದಾಣದಲ್ಲಿ ಇಳಿಸಿದ. ಅಲ್ಲಿಂದ ಹಿಂದಕ್ಕೆ ನಡೆದು ಬರುವಾಗ ಒಬ್ಬ ಆಟೋದವನು ಬಿಡದೆ ಹತ್ತಿಸಿಕೊಂಡು ಮನೆ ಬಾಗಿಲಿಗೆ ತಂದುಬಿಟ್ಟ. ವಾರ ಕಳೆಯುವುದರಲ್ಲಿ ಭೀಮರಾಜನ ಕಾರು ಹೋಯಿತಂತೆ, ಮಂಡಿ ಮುಳುಗಿತಂತೆ ಎಂದು ಮುಳಬಾಗಿಲಿನವರೆಗೆ ಸುದ್ದಿ ಹೋಯಿತು. ಆಗ ಯಾರೋ ಮಾಲೂರು ಕಡೆ, ಲಕ್ಕೂರಿನ ಆಚೆ, ಹೊಸದಾಗಿ ಆಗಿದ್ದ ಗಾಲ್ಫ್ ಕ್ಲಬ್ಬಿನ ವಿಚಾರ ಹೇಳಿದರು. ಅಲ್ಲಿ ಮೈಲಿಗಟ್ಟಲೆ ನಡೆಯಬಹುದು, ಕೈಯಲ್ಲಿ ಕೋಲು ಇರುವುದರಿಂದ ಎಲ್ಲಿಗೆ ಹೋಗುತ್ತೀ ಎಂದು ಯಾರೂ ಕೇಳುವುದಿಲ್ಲ. ಭೀಮರಾಜ ಸದಸ್ಯನಾದ.

ಅವನ ಹೆಂಡತಿ ಶಾಮಲಮ್ಮನಿಗೆ ಆ ಆಟ ಹಿಡಿಸಲಿಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ಗಂಡ ಕೋಲಿನ ಚೀಲ ಹೊತ್ತು ಹೊರಟುಬಿಡುತ್ತಾನೆ, ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಬರುತ್ತಾನೆ ಎಂಬುದು ಅವಳ ದೂರು. ಹೋದ ವರ್ಷದ ಆಷಾಢದ ಒಂದು ಭಾನುವಾರ ಜಗಳವೇ ಆಯಿತು. ಹಿಂದಿನ ರಾತ್ರಿಯೆಲ್ಲ ಎದೆಯುರಿ ಎಂದು ಹೊರಳಾಡಿದವನು ಬೆಳಿಗ್ಗೆ ಮತ್ತೆ ಚೀಲ ಹೊತ್ತಿದ್ದ. ಅವಳು ಬೇಡವೆಂದಳು. ಅವನು ಕೇಳಲಿಲ್ಲ. "ಹಂಗಾದ್ರೆ ಹೋಗಿ, ಆ ಹುಲ್ಲಲ್ಲೇ ಬಿದ್ದಿರಿ, ಮನೇಗ್ ಬರ್ಬೇಡಿ" ಎಂದಳು. ಇಂಥ ಮಾತನ್ನು ನಮ್ಮ ತಾಯಿ ನಮ್ಮ ತಂದೆಗೆ ದಿನ ಬಿಟ್ಟು ದಿನ ಹೇಳುತ್ತಿದ್ದರು. ತಂದೆಯವರು ಮುಪ್ಪಿನ ಕೊನೆಯವರೆಗೂ ಬದುಕಿದರು. ಭೀಮರಾಜ ಮಾತ್ರ ಆ ದಿನವೇ, ಆ ಹುಲ್ಲಿನ ಮೇಲೆಯೇ, ಚೆಂಡು ಬೀಳಿಸುವ ಏಳನೇ ಗುಂಡಿಯ ಪಕ್ಕದಲ್ಲಿ ಬಿದ್ದುಹೋದ. ಎದ್ದೇಳಲಿಲ್ಲ.

ಅವನಿಗೆ ಮಕ್ಕಳಿಲ್ಲ. ಆದ್ದರಿಂದ ಕಾರ್ಯವನ್ನೆಲ್ಲ ನಾನೇ ಮಾಡಿದೆ. ಹಿರಿಯವನು ಕಿರಿಯವನಿಗೆ ಮಾಡುವಂಥ ಕೆಲಸವಲ್ಲ ಅದು. ಭಗವಂತ ಮಾಡಿಸಿದ, ಮಾಡಿದೆ.

ಮೂರನೆಯ ದಿನದ ಹಾಲು ತುಪ್ಪಕ್ಕೆ ಕಾಗೆ ಬರಲಿಲ್ಲ. ಹನ್ನೊಂದನೆಯ ದಿನ ಅವನಿಗೆ ಇಷ್ಟವಾದ ಅವರೆಕಾಳು ಸಾರು, ಮುದ್ದೆ, ಒಬ್ಬಟ್ಟು ಎಲ್ಲವನ್ನೂ ಎಲೆಯ ಮೇಲೆ ಇಟ್ಟು ತಾರಸಿಯಲ್ಲಿ ಕಾದೆವು. ಎಡೆಯನ್ನು ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ನೆಂಟರೆಲ್ಲ ಕತ್ತು ಮೇಲೆತ್ತಿಕೊಂಡು ಆಕಾಶ ನೋಡಿದರು. ಶಾಮಲಮ್ಮನ ತಮ್ಮ ಮುನೇಶ, ಕೋಲಾರದ ಕಾಗೆಗಳೆಲ್ಲ ಮಾರುಕಟ್ಟೆಯ ಕೊಳೆತ ಟೊಮೆಟೊ ಬಿಟ್ಟು ಬರುವುದಿಲ್ಲವೆಂದು ಕಂಡುಹಿಡಿದು, ಒಂದಿಷ್ಟು ಚಿತ್ರಾನ್ನ ತೆಗೆದುಕೊಂಡು ಬೈಕಿನಲ್ಲಿ ಹೋದ. ಅಲ್ಲಿ ಕಾಗೆಗಳಿಗೆ ರುಚಿ ತೋರಿಸಿ, ಹಿಂದೆ ಬರುವಂತೆ ಮಾಡಿ, ಕರೆದುಕೊಂಡು ಬರುವುದು ಅವನ ಯೋಚನೆ. ಅವು ಗಡಿಯಾರ ಗೋಪುರದವರೆಗೆ ಬಂದು, ಆಮೇಲೆ ಹಿಂದಿರುಗಿದುವಂತೆ. ಕೊನೆಗೆ ಎಡೆಯನ್ನು ಹಸುವಿಗೆ ಹಾಕಿ ಎಲ್ಲರೂ ಉಂಡೆವು.

ಶಾಮಲಮ್ಮ ಉಣ್ಣಲಿಲ್ಲ. ಅಂದಿನಿಂದ ಮಧ್ಯಾಹ್ನದ ಊಟವನ್ನೇ ಬಿಟ್ಟಳು. ಗಂಡ ಉಂಡ ಮೇಲೆ ತಾನು ಉಣ್ಣುವುದಾಗಿ ಹೇಳಿದಳು. ಪ್ರತಿ ಅಮಾವಾಸ್ಯೆಗೂ ಎಡೆ ಇಟ್ಟಳು, ಪ್ರತಿ ಅಮಾವಾಸ್ಯೆಯೂ ಹಸುವೇ ಉಂಡಿತು. ಮನೆಗೆ ಬರಬೇಡಿ ಎಂದೆ, ಬರುತ್ತಿಲ್ಲ ಎನ್ನುವುದು ಅವಳ ಲೆಕ್ಕ. ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಲು, ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನನಗೂ ಆಗಲಿಲ್ಲ. ವರ್ಷ ತುಂಬುವ ಹೊತ್ತಿಗೆ ಅವಳು ಅರ್ಧಕ್ಕಿಳಿದಿದ್ದಳು. ಚಿನ್ನದ ಬಳೆ ಮೊಣಕೈವರೆಗೆ ಜಾರುತ್ತಿತ್ತು. ನಾನು ಕುರುಡುಮಲೆಗೆ ಹೋಗಿ ಗಣಪನ ಎದುರು ನಿಂತು, ಅಪ್ಪಾ, ಒಂದು ಕಾಗೆಯನ್ನು ಕಳಿಸು ಎಂದು ಬೇಡಿಕೊಂಡೆ. ಅಷ್ಟು ದೊಡ್ಡ ದೇವರಲ್ಲಿ ಇಷ್ಟು ಚಿಕ್ಕದನ್ನು ಕೇಳಲು ನಾಚಿಕೆಯಾಯಿತು.

ಹಿಂದಿರುಗಿ ಬರುವಷ್ಟರಲ್ಲಿ ಕಾಗೆಯ ಬದಲು ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿ ಅಮರನಾಥ್ ಎಂಬವರು ಬಂದು ಕೂತಿದ್ದರು.

ಅಮರನಾಥರು ಬಹಳ ಸಭ್ಯರು. ಇಲ್ಲ ಎನ್ನುವ ಮಾತು ಅವರ ಬಾಯಲ್ಲಿ ಹುಟ್ಟುವುದಿಲ್ಲ. ನಮ್ಮ ದುರದೃಷ್ಟಕ್ಕೆಲ್ಲ ಇದೇ ಮೂಲವೆಂದು ಈಗ ಅನ್ನಿಸುತ್ತದೆ. ಅವರು ಹೇಳಿದ್ದು ಇಷ್ಟು: ಭೀಮರಾಜರು ಕ್ಲಬ್ಬಿನಲ್ಲಿ ಎಲ್ಲರಿಗೂ ಬೇಕಾದವರಾಗಿದ್ದರು, ಅವರ ಸ್ಮರಣಾರ್ಥ ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಸಿ, ಅವರ ಹೆಸರಿನ ಬೆಳ್ಳಿಯ ಕಪ್ಪು ಕೊಡಬೇಕೆಂದು ತೀರ್ಮಾನವಾಗಿದೆ, ಮೊದಲನೆಯ ಚೆಂಡನ್ನು ಕುಟುಂಬದವರೇ ಹೊಡೆಯಬೇಕು. ನಾನು ಕೇಳಿಸಿಕೊಂಡದ್ದು ಇಷ್ಟು: ವರ್ಷ ತುಂಬಿದೆ, ಸತ್ತವನ ಹೆಸರಿನಲ್ಲಿ, ಅವನು ಬಿದ್ದ ಜಾಗದಲ್ಲೇ, ಬಂಧುಗಳ ಕೈಯಿಂದ ಆರಂಭವಾಗಿ ಒಂದು ಕಾರ್ಯ ನಡೆಯುತ್ತದೆ. ಇದಕ್ಕೆ ನಮ್ಮಲ್ಲಿ ವರ್ಷದ ತಿಥಿ ಎಂದು ಹೆಸರು. ಅವರ ಕಡೆ ಪಂದ್ಯ ಎನ್ನುತ್ತಾರೆ, ಅಷ್ಟೆ ಎಂದುಕೊಂಡೆ.

ಆಗಸ್ಟ್ ತಿಂಗಳಲ್ಲಿ ಒಂದು ದಿನ ಎಂದರು. ನಾನು ಪಂಚಾಂಗ ತೆಗೆದು, ಆಷಾಢ ಬಹುಳ ದಶಮಿಯೇ ಆಗಬೇಕೆಂದೆ. ಅದು ಭಾನುವಾರವೇ ಬಿದ್ದಿತ್ತು. ಆಗಲಿ ಎಂದರು. ಚೆಂಡನ್ನು ದಕ್ಷಿಣಕ್ಕೆ ಮುಖಮಾಡಿ ಹೊಡೆಯಬಹುದೇ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಮೊದಲನೆಯ ಗುಂಡಿ ದಕ್ಷಿಣಕ್ಕೇ ಇದೆ ಎಂದರು. ನನಗೆ ಮೈ ಝುಂ ಎಂದಿತು. ಬರಿಗಾಲಲ್ಲಿ ಬರುತ್ತೇನೆ ಎಂದೆ. ಹುಲ್ಲು ಮೆತ್ತಗಿದೆ, ಬನ್ನಿ ಎಂದರು. ಉಪವಾಸವಿದ್ದು ಹೊಡೆಯುತ್ತೇನೆ ಎಂದೆ. ಹಾಗೆ ಮಾಡಿದರೆ ಒಳ್ಳೆಯದೇ, ಅನೇಕರು ತಿಂಡಿ ತಿಂದು ಬಂದು ಕಷ್ಟಪಡುತ್ತಾರೆ ಎಂದರು. ಅಂಗಿಗೆ ಮಾತ್ರ ಕಾಲರ್ ಇರಬೇಕು, ಕ್ಲಬ್ಬಿನ ನಿಯಮ ಎಂದರು. ಪ್ರತಿಯೊಂದು ಕಾರ್ಯಕ್ಕೂ ಒಂದು ವಸ್ತ್ರನಿಯಮವಿರುತ್ತದೆ, ಒಪ್ಪಿಕೊಂಡೆ. ಎದ್ದು ಹೋಗುವಾಗ, ಕುಟುಂಬದವರೆಲ್ಲ ಬರಬೇಕು ಸಾರ್ ಎಂದರು.

ಕುಟುಂಬ ಎಂದರೆ ಅವರ ಮನಸ್ಸಿನಲ್ಲಿ ಒಂದು ಕಾರಿನಷ್ಟು ಜನ ಇತ್ತೆಂದು ಆಮೇಲೆ ತಿಳಿಯಿತು.

ತಿಥಿಗೆ ನಮ್ಮಲ್ಲಿ ಯಾರನ್ನೂ ಕರೆಯುವುದಿಲ್ಲ, ತಿಳಿಸುತ್ತೇವೆ. ಮದುವೆಗೆ ಕರೆದರೆ ಬಾರದವರೂ ತಿಥಿಗೆ ತಿಳಿಸಿದರೆ ಬರುತ್ತಾರೆ. ನಾನು ಶ್ರೀನಿವಾಸಪುರಕ್ಕೆ ತಿಳಿಸಿದೆ, ಮುಳಬಾಗಿಲಿಗೆ ತಿಳಿಸಿದೆ. ಅವರು ಗಡಿಯಾಚೆಗೂ ತಿಳಿಸಿದರು. ಭೀಮರಾಜನ ತಿಥಿಯನ್ನು ದೊಡ್ಡವರ ಕ್ಲಬ್ಬಿನವರು ವಹಿಸಿಕೊಂಡಿದ್ದಾರೆ ಎಂಬ ಸುದ್ದಿಗೆ ಜನ ಬೆರಗಾದರು. ಮಂಡಿಯ ಜನ, ಸತ್ತರೆ ಹೀಗೆ ಸಾಯಬೇಕು ಎಂದು ಮಾತಾಡಿಕೊಂಡರಂತೆ. ಮುನೇಶ ಒಂದು ಬಸ್ಸು ಗೊತ್ತುಮಾಡಿದ, ಪಾತ್ರೆಗಳಿಗೆ ಬೇರೆ ಟೊಮೆಟೊ ಟೆಂಪೋ ಗೊತ್ತುಮಾಡಿದ. ನಾನು ಶಾಮಲಮ್ಮನಿಗೆ ಹೇಳಿದೆ: ನೀನು ಅಲ್ಲೇ ಬಿದ್ದಿರಿ ಎಂದೆ, ಅವನು ಅಲ್ಲೇ ಇದ್ದಾನೆ, ಮನೆಯ ತಾರಸಿಯಲ್ಲಿ ಎಡೆ ಇಟ್ಟರೆ ಹೇಗೆ ಬರುತ್ತಾನೆ, ಅಲ್ಲೇ ಇಡೋಣ. "ಮುಟ್ತಾರಾ ಬಾವ?" ಎಂದು ಕೇಳಿದಳು. ಮುಟ್ಟುತ್ತಾನೆ ಎಂದೆ. ವರ್ಷದಲ್ಲಿ ಮೊದಲ ಸಲ ಅವಳು ತಾನಾಗಿ ಎದ್ದು ಹೋಗಿ ಒಬ್ಬಟ್ಟಿಗೆ ಬೇಳೆ ಆರಿಸತೊಡಗಿದಳು.

ಆ ಭಾನುವಾರ ನಮ್ಮ ಬಸ್ಸು ಕ್ಲಬ್ಬಿನ ಬಾಗಿಲಲ್ಲಿ ನಿಂತಾಗ ಕಾವಲುಗಾರ ಯಾರ ಕಡೆಯವರು ಎಂದು ಕೇಳಿದ. ಮುನೇಶ ಕಿಟಕಿಯಿಂದ ತಲೆ ಹಾಕಿ, "ಸತ್ತೋರ ಕಡೆಯೋರು" ಎಂದ. ಕಾವಲುಗಾರ ಟೋಪಿ ತೆಗೆದು, ಬಸ್ಸನ್ನೂ ಅದರ ಹಿಂದಿನ ಟೆಂಪೋವನ್ನೂ ಒಳಗೆ ಬಿಟ್ಟ.

ಒಳಗೆ ಬಣ್ಣಬಣ್ಣದ ಬಲೂನು ಕಟ್ಟಿದ್ದರು. ಭೀಮರಾಜ ನಗುತ್ತಿರುವ ದೊಡ್ಡ ಚಿತ್ರವಿತ್ತು. ಅದರ ಕೆಳಗೆ ಕೆಂಪು ಚಡ್ಡಿ ಹಾಕಿದ ಹಿರಿಯರು ಒಬ್ಬರ ಕೈ ಒಬ್ಬರು ಕುಲುಕುತ್ತ, ಒಳ್ಳೆಯದಾಗಲಿ ಎನ್ನುತ್ತ ಕಿತ್ತಳೆ ರಸ ಕುಡಿಯುತ್ತಿದ್ದರು. ನಮ್ಮ ಸೋದರತ್ತೆ ದೊಡ್ಡವೆಂಕಟಮ್ಮ ಶ್ರೀನಿವಾಸಪುರದವರು. ತೆಲುಗು, ಕನ್ನಡ ಎರಡರಲ್ಲೂ ಬಯ್ಯಬಲ್ಲವರು. ವಯಸ್ಸು ಕೇಳಿದರೆ ಅದಕ್ಕೂ ಬಯ್ಯುವವರು. ಬಲೂನು ನೋಡಿ ಬಸ್ಸಿನ ಮೆಟ್ಟಿಲ ಮೇಲೇ ನಿಂತು ನನ್ನತ್ತ ತಿರುಗಿದರು.

"ಏಮಿ ರಾ ಸುಬ್ಬಾ ಇದಿ? ತಿಥಿನಾ, ಬರ್ತ್‌ಡೇನಾ?"

ಇವರ ಸಂಪ್ರದಾಯ ಹೀಗೆ ಅತ್ತೆ, ಎಂದು ಸಮಾಧಾನ ಹೇಳಿದೆ. ಅತ್ತೆ ನಮ್ಮ ಸಂಪ್ರದಾಯವನ್ನು ಆರಂಭಿಸಿದರು. ಸತ್ತವನ ಊರಿಗೆ ಕಾಲಿಟ್ಟ ಕೂಡಲೇ ಹೆಂಗಸರು ಎದೆ ಬಡಿದುಕೊಂಡು, ಅವನ ಗುಣಗಳನ್ನು ಹೇಳಿ ಹಾಡಿ ಅಳಬೇಕು. ಅಳದಿದ್ದರೆ ಸತ್ತವನಿಗೆ ಅವಮಾನ. ಓ ನನ್ನ ಭೀಮಾ, ಓ ನನ್ನ ಬಂಗಾರದ ಮಂಡಿಯವನೇ, ಎಂದು ಅವರು ಎತ್ತಿದ ದನಿಗೆ, ಪಕ್ಕದಲ್ಲಿ ಅಭ್ಯಾಸಕ್ಕೆಂದು ಚೆಂಡು ಹೊಡೆಯುತ್ತಿದ್ದ ಒಬ್ಬ ಕಾರ್ಖಾನೆಯ ಮ್ಯಾನೇಜರರ ಚೆಂಡು ನೇರವಾಗಿ ಕೆರೆಗೆ ಹೋಯಿತು.

ಆಗ ಕ್ಲಬ್ಬಿನ ನಾಯಕರು ಓಡಿ ಬಂದರು. ಅವರ ಹೆಸರು ಕಾಂತರಾಜ್. ತೆಳ್ಳಗೆ, ನೆಟ್ಟಗೆ, ಕೋಲಿನ ಹಾಗೆಯೇ ಇದ್ದರು. ಆಟದ ನಿಯಮಗಳೆಲ್ಲ ಅವರಿಗೆ ಬಾಯಿಪಾಠವಂತೆ. ಭೀಮರಾಜನಿಗೆ ಆಟ ಕಲಿಸಿದವರು ಅವರೇ. ಕೊನೆಯ ದಿನ ಜೊತೆಯಲ್ಲಿ ಆಡುತ್ತಿದ್ದವರೂ ಅವರೇ. ಯಾರಾದರೂ ಚೆಂಡು ಹೊಡೆಯುವಾಗ ಸುತ್ತಲಿನವರು ಮೌನವಾಗಿರಬೇಕೆಂದು ಕೈಮುಗಿದು ಕೇಳಿಕೊಂಡರು. ಇದು ಒಂದು ಮೌನವ್ರತ ಎಂದು ನಾನು ನಮ್ಮವರಿಗೆ ವಿವರಿಸಿದೆ. ಹಾಗಾದರೆ ಅಳುವುದು ಯಾವಾಗ ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಇಲ್ಲ ಎನ್ನಲಾರದ ಅಮರನಾಥರು, ಒಬ್ಬರು ಹೊಡೆದ ಮೇಲೆ, ಇನ್ನೊಬ್ಬರು ಹೊಡೆಯುವ ಮೊದಲು ಅಳಬಹುದಲ್ಲ ಎಂದರು. ಅಂದಿನ ಪಂದ್ಯ ಹಾಗೆಯೇ ನಡೆಯಿತು. ಯಾರಾದರೂ ಕೋಲು ಎತ್ತಿದರೆ ಅತ್ತೆ ಅರ್ಧ ಮಾತಿನಲ್ಲಿ ಬಾಯಿ ತೆರೆದುಕೊಂಡೇ ನಿಲ್ಲಿಸುವರು. ಚೆಂಡು ಹಾರಿದೊಡನೆ, ಬಿಟ್ಟ ಅಕ್ಷರದಿಂದಲೇ ಮುಂದುವರಿಸುವರು. ಇಷ್ಟು ನಿಷ್ಠೆಯಿಂದ ನಿಯಮ ಪಾಲಿಸಿದ ಪ್ರೇಕ್ಷಕರು ತಮಗೆ ಹಿಂದೆ ಸಿಕ್ಕಿರಲಿಲ್ಲವೆಂದು ಅಮರನಾಥರೇ ಹೇಳಿದರು.

ಮೊದಲನೆಯ ಚೆಂಡು ನನ್ನದು. ಪಂಚೆಯ ಮೇಲೆ ಭೀಮರಾಜನದೇ ಕಾಲರಿನ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟು, ಬರಿಗಾಲಲ್ಲಿ ದಕ್ಷಿಣಕ್ಕೆ ನಿಂತೆ. ಅಂಗಿ ಮಂಡಿಯವರೆಗೆ ಬರುತ್ತಿತ್ತು. ತಮ್ಮನನ್ನು ನೆನೆದು ಕೋಲು ಬೀಸಿದೆ. ಏಟು ಗಾಳಿಗೆ ಬಿತ್ತು. ನಮ್ಮವರು ಒಟ್ಟಿಗೆ "ಗೋವಿಂದಾ" ಎಂದರು. ಎರಡನೆಯದು ನೆಲಕ್ಕೆ ಬಿದ್ದು ಒಂದು ಹೆಂಟೆ ಹುಲ್ಲು ಹಾರಿತು. ಮತ್ತೆ "ಗೋವಿಂದಾ" ಎಂದರು. ಮೂರನೆಯ ಏಟಿಗೆ ಚೆಂಡು ಉರುಳಿ ಸ್ವಲ್ಪ ದೂರದಲ್ಲಿದ್ದ ಪೊದೆ ಸೇರಿತು. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ತಿಥಿಯಲ್ಲಿ ಯಾರು ಚಪ್ಪಾಳೆ ತಟ್ಟುವುದು ಎಂದು ಅತ್ತೆ ಅವರತ್ತ ತಿರುಗಿದಾಗ ಪಾಪ, ಕೆಂಪು ಚಡ್ಡಿಯವರು ಕೈಗಳನ್ನು ಜೇಬಿನೊಳಗೆ ಇಟ್ಟುಕೊಂಡರು.

ಅಷ್ಟರಲ್ಲಿ ಕಪ್ಪು ಕಾಣೆಯಾಯಿತು. ಕಾಣೆಯಾಗಿರಲಿಲ್ಲ, ನಮ್ಮ ಹೆಂಗಸರ ವಶದಲ್ಲಿತ್ತು. ಅದರ ಮೇಲೆ ಭೀಮರಾಜನ ಹೆಸರು ಕೆತ್ತಿದ್ದರಿಂದ ಅದು ಅವನದೇ ಎಂದು ತಿಳಿದು, ಅರಿಸಿನ ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ಮಾವಿನ ಎಲೆ ಇಟ್ಟು, ಮೇಲೊಂದು ತೆಂಗಿನಕಾಯಿ ಕೂರಿಸಿ ಕಳಶ ಮಾಡಿಬಿಟ್ಟಿದ್ದರು. ಕಾಂತರಾಜರು ಬಂದು ನೋಡಿದರು. ಬಾಯಿ ತೆರೆದರು, ಮುಚ್ಚಿದರು, ಅಮರನಾಥರ ಕಡೆ ನೋಡಿದರು. ಅಮರನಾಥರು ಚೆನ್ನಾಗಿ ಕಾಣುತ್ತದೆ ಎಂದರು. ಕಾಂತರಾಜರು ಹೊರಟುಹೋದರು. ಗೆದ್ದವರು ಆ ಕಪ್ಪನ್ನು ಮನೆಗೆ ಒಯ್ಯುತ್ತಾರೆಂಬ ಸಂಗತಿ ನಮ್ಮವರಿಗೆ ಇನ್ನೂ ತಿಳಿದಿರಲಿಲ್ಲ. ತಿಳಿದಾಗ ಮುನೇಶ, ತಿಥಿಗೆ ಬಂದವರು ಕಳಶ ಹೊತ್ತುಕೊಂಡು ಹೋಗುತ್ತಾರಾ ಎಂದು ಕೇಳಿ, ಒಂದು ಹೊತ್ತು ಅದರ ಪಕ್ಕದಲ್ಲೇ ಕಾವಲು ಕೂತ.

ನನ್ನ ಮನಸ್ಸು ಇದೆಲ್ಲದರಲ್ಲಿ ಇರಲಿಲ್ಲ. ಏಳನೇ ಗುಂಡಿಯ ಬಳಿ ಶಾಮಲಮ್ಮ ಕೂತಿದ್ದಳು.

ಅದು ಒಂದು ದಿಬ್ಬದ ಮೇಲೆ, ಚಾಪೆಯ ಹಾಗೆ ನುಣ್ಣಗೆ ಕತ್ತರಿಸಿದ ಹುಲ್ಲಿನ ನಡುವೆ ಇರುವ ಒಂದು ಸಣ್ಣ ಗುಂಡಿ. ಪಕ್ಕದಲ್ಲಿ ಹೊಂಗೆ ಮರ. ಇಲ್ಲೇ ಎಂದು ಮಾಲಿಯೊಬ್ಬ ತೋರಿಸಿದ. ಹುಲ್ಲಿನ ಅಂಚಿನಲ್ಲಿ ಎಲೆ ಹಾಸಿ ಎಡೆ ಇಟ್ಟೆವು. ಶಾಮಲಮ್ಮ ಒಬ್ಬಟ್ಟಿನ ಮೇಲೆ ತಾನೇ ತುಪ್ಪ ಹಾಕಿದಳು. ಹೊಂಗೆ ಮರದಲ್ಲಿ ಕಾಗೆಗಳು ಬೇಕಾದಷ್ಟಿದ್ದವು. ಕೋಲಾರದಲ್ಲಿ ಒಂದೂ ಸಿಕ್ಕದ ನಮಗೆ ಅದನ್ನು ಕಂಡೇ ಕಣ್ಣು ತುಂಬಿತು. ಗಣಪ ಒಂದನ್ನು ಕೇಳಿದರೆ ಒಂದು ಗುಂಪನ್ನೇ ಕಳಿಸಿದ್ದ.

ಆದರೆ ಅವು ಇಳಿಯಲಿಲ್ಲ. ಮನುಷ್ಯರು ದೂರ ಸರಿದರು. ಬಿಸಿಲೇರಿತು. ಒಂದೊಂದೇ ಗುಂಪಿನ ಆಟಗಾರರು ಬಂದು, ಎಡೆಯನ್ನು ಸುತ್ತುಹಾಕಿ, ಸದ್ದಿಲ್ಲದೆ ಚೆಂಡು ತಳ್ಳಿ ಹೋದರು. ಊಟದ ಹೊತ್ತು ಮೀರಿತು. ಕಾಗೆ ಮುಟ್ಟುವವರೆಗೆ ಒಂದು ಅಗುಳೂ ಇಲ್ಲ. ಟೆಂಪೋದಲ್ಲಿದ್ದ ಪಾತ್ರೆಗಳಿಂದ ಅವರೆಕಾಳು ಸಾರಿನ ವಾಸನೆ ಬರುತ್ತಿತ್ತು, ಒಂದು ಬಸ್ಸಿನಷ್ಟು ನೆಂಟರು ಅದರ ಸುತ್ತ ಅಮಾವಾಸ್ಯೆಯ ಮುಖ ಮಾಡಿಕೊಂಡು ಕೂತಿದ್ದರು. ಮುನೇಶ ಕಾ ಕಾ ಎಂದು ಕರೆದು ನೋಡಿದ. ಅತ್ತೆ ಅಳುವುದನ್ನು ಬಿಟ್ಟು ಭೀಮರಾಜನನ್ನೇ ಬಯ್ಯತೊಡಗಿದರು: ಬದುಕಿದ್ದಾಗ ಊಟಕ್ಕೆ ತಡಮಾಡುತ್ತಿದ್ದದ್ದು ಸಾಲದೇನೋ.

ಶಾಮಲಮ್ಮ ಮಾತ್ರ ಕಣ್ಣು ಮಿಟುಕಿಸದೆ ಎಲೆಯನ್ನೇ ನೋಡುತ್ತಿದ್ದಳು.

ಕಟ್ಟಕಡೆಯ ಗುಂಪಿನಲ್ಲಿ ಕಾಂತರಾಜರು ಬಂದರು. ಎಲ್ಲರಿಗಿಂತ ಮುಂದಿದ್ದಾರೆ, ಕಪ್ಪು ಅವರಿಗೇ ಎಂದು ಹಿಂದೆ ಬಂದವರು ಪಿಸುಗುಟ್ಟಿದರು. ದೂರದಿಂದ ಹೊಡೆದ ಚೆಂಡು ಬಂದು ಗುಂಡಿಯ ಹತ್ತಿರ ನಿಂತಿತು. ಕಾಂತರಾಜರು ಅಲ್ಲಿಂದ ನಡೆದು ಬರುತ್ತಿದ್ದರು. ಆಗ ಹೊಂಗೆ ಮರದಿಂದ ಒಂದು ಕಾಗೆ ಇಳಿಯಿತು.

ಕಾಗೆ ಎಲೆಯ ಹತ್ತಿರ ಬಂದಿತು. ಕತ್ತು ಓರೆ ಮಾಡಿ ಒಬ್ಬಟ್ಟನ್ನು ನೋಡಿತು, ಮುದ್ದೆಯನ್ನು ನೋಡಿತು. ಎಲೆಯನ್ನು ಬಳಸಿಕೊಂಡು, ಯಾವುದೋ ಕಛೇರಿಯ ಅಧಿಕಾರಿ ಪರಿಶೀಲನೆಗೆ ಬಂದ ಹಾಗೆ ನಡೆದುಹೋಗಿ, ಕಾಂತರಾಜರ ಬಿಳಿ ಚೆಂಡನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿಹೋಯಿತು.

ಆಮೇಲೆ ನಮ್ಮವರೆಲ್ಲ "ಗೋವಿಂದಾ" ಎಂದು ಎದ್ದುನಿಂತರು. ಬಾವ ಮುಟ್ಟಿದರು, ಬಾವ ತೆಗೆದುಕೊಂಡರು ಎಂದು ಮುನೇಶ ಟೆಂಪೋದ ಕಡೆ ಓಡಿದ. ಎಲೆಗಳನ್ನು ಬಿಚ್ಚತೊಡಗಿದರು. ಕಾಂತರಾಜರು ಬಂದು, ಜೇಬಿನಿಂದ ಇನ್ನೊಂದು ಚೆಂಡು ತೆಗೆದು, ಮೊದಲಿನದು ಇದ್ದ ಜಾಗದಲ್ಲಿ ಇಡಲು ಬಗ್ಗಿದರು. ಅತ್ತೆ ಅವರ ಕೈ ಹಿಡಿದುಕೊಂಡರು. ಕಾಗೆ ಎತ್ತಿದ್ದನ್ನು ಮತ್ತೆ ಇಡುವುದೆಂದರೆ ಸತ್ತವನು ಉಂಡದ್ದನ್ನು ಇಲ್ಲವೆಂದ ಹಾಗೆ. ಕಾಂತರಾಜರು ನಿಯಮ ಹೇಳಿದರು: ಕಾಗೆಯೋ ನಾಯಿಯೋ ಚೆಂಡನ್ನು ಒಯ್ದರೆ, ಇದ್ದಲ್ಲೇ ಇನ್ನೊಂದನ್ನು ಇಟ್ಟು ಆಡಬೇಕು. ಅತ್ತೆ ತಮ್ಮ ನಿಯಮ ಹೇಳಿದರು. ಇಬ್ಬರೂ ತಮ್ಮ ತಮ್ಮ ಶಾಸ್ತ್ರದಲ್ಲಿ ಪಂಡಿತರು, ಇಬ್ಬರೂ ಸೋಲಲಿಲ್ಲ. ಅಮರನಾಥರು ಇಬ್ಬರಿಗೂ ಹೌದೆಂದರು. ನಾನು ನಡುವೆ ನಿಂತು, ಒಂದು ಚೆಂಡು ಭೀಮನದು, ಇನ್ನೊಂದು ನಿಮ್ಮದು ಎಂದು ಲೆಕ್ಕ ಹಿಡಿಯಿರಿ ಎಂದು ರಾಜಿಗೆ ಹೊರಟೆ.

ಆಗ ಶಾಮಲಮ್ಮನ ದನಿ ಕೇಳಿತು. ಅವಳು ಕೂತಲ್ಲಿಂದ ಎದ್ದಿರಲಿಲ್ಲ.

"ಎಲೆ ಹಾಕಬ್ಯಾಡಿ. ಅವ್ರು ಉಂಡಿಲ್ಲ."

ಉಂಡರು ಕಣಕ್ಕ, ಎಲ್ಲರೂ ಕಂಡೆವಲ್ಲ ಎಂದು ಮುನೇಶ ಹೇಳಿದ.

"ನಾನ್ ಮಾಡಿದ್ದನ್ನ ನೋಡಿ, ಬಿಟ್ಟು ಹೋದ್ರು. ಅವ್ರಿಗೆ ಆ ಚೆಂಡೇ ಬೇಕು. ನನ್ ಕೈದು ಬ್ಯಾಡ."

ಅವಳು ಅಳಲಿಲ್ಲ. ಎಲೆಯ ಮೇಲೆ ಕೂತ ಒಂದು ಇರುವೆಯನ್ನು ಬೆರಳಿನಿಂದ ತೆಗೆದು ಹುಲ್ಲಿಗೆ ಬಿಟ್ಟಳು. ಅವಳನ್ನು ಇಲ್ಲಿಗೆ ಕರೆತಂದವನು ನಾನು. ಮುಟ್ಟುತ್ತಾನೆ ಎಂದು ಮಾತು ಕೊಟ್ಟವನು ನಾನು. ಮೈಮೇಲೆ ತಮ್ಮನ ಅಂಗಿ ತೊಟ್ಟು, ಕೈಯಲ್ಲಿ ಕೋಲು ಹಿಡಿದು, ಎಡೆಯ ಪಕ್ಕದಲ್ಲೇ ನಿಂತೆ. ಎಲೆ ಬಿಚ್ಚುತ್ತಿದ್ದವರು ಮತ್ತೆ ಸುತ್ತಿದರು.

ಕಾಂತರಾಜರಿಗೆ ಏನೂ ಅರ್ಥವಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ನಾನು ಆ ಬೆಳಗಿನ ಜಗಳವನ್ನೂ, ಆ ಮಾತನ್ನೂ, ಹಸು ಉಂಡ ಅಮಾವಾಸ್ಯೆಗಳನ್ನೂ, ಅವಳು ಬಿಟ್ಟ ಮಧ್ಯಾಹ್ನದ ಊಟವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಚೆಂಡನ್ನು ನೋಡಿದರು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, ಹೋಗಿ ಶಾಮಲಮ್ಮನ ಎದುರಿಗೆ ಹುಲ್ಲಿನ ಮೇಲೆ ಕೂತರು. ಆ ಹುಲ್ಲಿನ ಮೇಲೆ ಕೂರುವುದು ನಿಯಮಕ್ಕೆ ವಿರುದ್ಧವಂತೆ. ಹಿಂದೆ ನಿಂತಿದ್ದ ಕ್ಲಬ್ಬಿನವರು ಗಾಬರಿಯಾದರು.

ಶಾಮಲಮ್ಮ ತಲೆ ಎತ್ತಲಿಲ್ಲ. ಆದರೆ ಕೇಳಿದಳು. ವರ್ಷವೆಲ್ಲ ಯಾರನ್ನೂ ಕೇಳದೆ ಇದ್ದದ್ದನ್ನು ಕೇಳಿದಳು.

"ಬೀಳೋವಾಗ ಏನಾದ್ರೂ ಅಂದ್ರಾ?"

"ಏನೂ ಅನ್ನಲಿಲ್ಲಮ್ಮ" ಎಂದರು ಕಾಂತರಾಜರು. "ಹೊಡೆಯೋ ಸರದಿ ನಂದು. ಅವರು ನನ್ನ ಹಿಂದೆ ನಿಂತಿದ್ರು. ಇನ್ನೊಬ್ಬರು ಹೊಡೆಯೋವಾಗ ಸದ್ದು ಮಾಡಬಾರದು ಅಂತ ನಾನೇ ಕಲಿಸಿದ್ದು. ಸದ್ದೇ ಮಾಡಲಿಲ್ಲ. ನಾನು ಹೊಡೆದು, ಚೆಂಡು ಗುಂಡಿಗೆ ಬಿತ್ತಾ ಅಂತ ನೋಡಿ, ಆಮೇಲೆ ತಿರುಗಿದೆ."

ದೊಡ್ಡವೆಂಕಟಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡರು. ಅವರಿಗೂ ಅಳುವಿನ ಹಾಡು ನೆನಪಾಗಲಿಲ್ಲ.

"ಅದಕ್ಕೆ ಮುಂಚೆ?"

"ಮುಂಚೆ ಒಂದೇ ಸಮನೆ ಅವಸರ ಮಾಡ್ತಿದ್ರು. ಬೇಗ ಹೊಡೀರಿ ಸಾರ್, ಬೇಗ ಹೊಡೀರಿ ಅಂತ. ಏನ್ರೀ ಭೀಮರಾಜ್ ಅಂಥ ಅರ್ಜೆಂಟು ಅಂತ ನಾನು ರೇಗಿದೆ. ನಾನ್ ಹೋಗೋವರ್ಗೂ ಮನೇಲಿ ನಮ್ಮೋಳು ಉಣ್ಣಲ್ಲ ಸಾರ್, ಅಂದ್ರು."

ಶಾಮಲಮ್ಮ ಈಗ ತಲೆ ಎತ್ತಿದಳು.

"ಗೊತ್ತಿತ್ತಾ ಅವ್ರಿಗೆ?"

"ಏನಮ್ಮ?"

"ಬರ್ಬೇಡಿ ಅಂದ್ರೂ ನಾನ್ ಕಾಯ್ತಿರ್ತೀನಿ ಅಂತ."

"ಗೊತ್ತಿತ್ತಲ್ಲಮ್ಮ. ಅದಕ್ಕೇ ಅಷ್ಟು ಅವಸರ."

ಈ ಮಾತನ್ನು ಯಾಕೆ ಮೊದಲೇ ಹೇಳಲಿಲ್ಲವೆಂದು ನಾನು ಅವರನ್ನು ಕೇಳಿದೆ. ಹಾಲು ತುಪ್ಪದ ದಿನ ಹೇಳಬೇಕೆಂದೇ ಮನೆಗೆ ಬಂದಿದ್ದರಂತೆ. ಶಾಮಿಯಾನದ ಕೆಳಗೆ ಬಹಳ ಹೊತ್ತು ನಿಂತಿದ್ದರಂತೆ. ಸಾವಿನ ಮನೆಯಲ್ಲಿ ಮಾತಾಡಿಸಬಾರದು, ಹೋಗುವಾಗ ಬರುತ್ತೇನೆಂದು ಹೇಳಬಾರದು, ಸುಮ್ಮನೆ ಎದ್ದು ಹೋಗಬೇಕೆಂದು ಯಾರೋ ಪಕ್ಕದಲ್ಲಿದ್ದವರು ತಿಳಿಸಿದರಂತೆ. ನಿಯಮವೆಂದ ಮೇಲೆ ಪಾಲಿಸುವವರು ಅವರು, ಎದ್ದು ಹೋದರು. ಆಮೇಲೆ ನಾವು ಎಂದಾದರೂ ಕೇಳಬಹುದೆಂದು ಕಾದರು. ನಾವು ಕಾಗೆಯನ್ನು ಕಾದೆವು.

"ಎಲೆ ಹಾಕು ಮುನೇಶ" ಎಂದಳು ಶಾಮಲಮ್ಮ. "ನಂಗೂ ಒಂದು."

ಅತ್ತೆ, ಕಾಗೆ ಇನ್ನೂ ಮುಟ್ಟಿಲ್ಲವಲ್ಲೇ ಎಂದು ಮೆಲ್ಲಗೆ ನೆನಪಿಸಿದರು.

"ಕಾಗೆಗೇನತ್ತೆ ಗೊತ್ತು" ಎಂದಳು.

ಹೊಂಗೆ ಮರದ ನೆರಳಿನಲ್ಲಿ ಉದ್ದಕ್ಕೆ ಎಲೆಗಳು ಬಿದ್ದವು. ಕಾಂತರಾಜರು ಮೊಳೆ ಇರುವ ಬೂಟು ಬಿಚ್ಚಿಟ್ಟು ನಮ್ಮವರ ಸಾಲಿನಲ್ಲೇ ಕೂತರು. ಅವರ ಆಟ ಅಲ್ಲಿಗೇ ನಿಂತದ್ದರಿಂದ ಕಪ್ಪು ಬೇರೆ ಯಾರಿಗೋ ಹೋಯಿತು. ತೆಂಗಿನಕಾಯಿಯ ಸಮೇತ ಒಯ್ದರೆಂದು ಕೇಳಿದೆ. ಶಾಮಲಮ್ಮನಿಗೆ ಮೊದಲನೆಯ ತುತ್ತು ಇಳಿಯಲಿಲ್ಲ. ಅವಳು ನೀರು ಕೇಳಿ ಕುಡಿದಳು. ಎರಡನೆಯದು ಇಳಿಯಿತು. ಆಮೇಲೆ ತಲೆ ತಗ್ಗಿಸಿಕೊಂಡು, ಯಾರ ಜೊತೆಯೂ ಮಾತಾಡದೆ, ಎರಡು ಸಲ ಸಾರು ಹಾಕಿಸಿಕೊಂಡು ಉಂಡಳು.

ನಾನು ಅವಳ ಕೈಯ ಬಳೆಗಳನ್ನು ನೋಡುತ್ತ ಕೂತೆ. ಅವಳಿಗೆ ಬೇಕಾಗಿದ್ದ ಮಾತು ವರ್ಷವೆಲ್ಲ ಮಾಲೂರಿನಲ್ಲಿ ಒಬ್ಬರ ಬಾಯೊಳಗೆ ಇತ್ತು. ಕೋಲಾರದಿಂದ ಮಾಲೂರಿಗೆ ಬೆಳಗಿನಿಂದ ಸಂಜೆಯವರೆಗೂ ಬಸ್ಸಿದೆ.